ಹೊಟ್ಟಿನ ಮನೆಯ ಮಳೆಗಾಲ

ಹುರುಳಿ ಹೊಟ್ಟು ಮಳೆಗೆ ನೆಂದರೆ ಒಂದು ವಾಸನೆ ಬರುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಕಹಿ, ಮೂಗಿನೊಳಗೆ ಕಡಿತ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೋದ ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಹಂಸಭಾವಿಗೆ ಮರಳುವಾಗ ಮಗ ಬಂಕಾಪುರದ ಹತ್ತಿರ ಚಹಾ ಕುಡಿಯಲು ಕಾರು ನಿಲ್ಲಿಸಿದ. ಪಕ್ಕದಲ್ಲೇ ದನದ ಮೇವಿನ ಅಂಗಡಿ. ಮೇಲೆ ಹೊದಿಸಿದ್ದ ತಾಡಪತ್ರಿ ಹರಿದು ಚೀಲಗಳೆಲ್ಲ ತೊಯ್ದಿದ್ದವು. ಗಾಳಿ ಈ ಕಡೆ ತಿರುಗಿತು. ನನ್ನ ಎದೆ ಕಲ್ಲಾಯಿತು. ಎಂಬತ್ತು ದಾಟಿದ ಮುದುಕಿಯ ಎದೆ ಹಾಲು ಕಟ್ಟಿದಂತೆ ನೋಯುತ್ತದೆ ಎಂದರೆ ಯಾರು ನಂಬುತ್ತಾರೆ? ಮಗನಿಗೆ ಹೇಳಲಿಲ್ಲ.

"ಸವಣೂರಿಗೆ ಹೋಗೂಣು ನಡಿ," ಎಂದೆ.

"ಈಗ್ಯಾಕಬೇ? ಮಳಿ ಬರಾಕತ್ತೈತಿ. ಬಿಸಲಿದ್ದಾಗ ಕರಕೊಂಡು ಹೋಗ್ತೇನಿ."

"ನಾ ಸತ್ತ ಮ್ಯಾಲೆ ಬಿಸಲು ಬರ್ತದ, ಆವಾಗ ನೀ ಒಬ್ಬನ ಹೋಗು."

ನನ್ನ ಬಾಯಿಗೆ ಹೆದರಿ ಗಾಡಿ ತಿರುಗಿಸಿದ. ನನ್ನ ತವರುಮನೆ ಇನ್ನೂ ಇತ್ತು, ನಮ್ಮದಾಗಿ ಅಲ್ಲ. ಮುಂಬಾಗಿಲಿನ ಗೋಡೆಯ ಮೇಲೆ ಕರೆಂಟಿನ ಮೀಟರುಗಳು ಸಾಲಾಗಿ ಕೂತಿದ್ದವು. ಎಷ್ಟು ಮೀಟರೋ ಒಳಗೆ ಅಷ್ಟು ಸಂಸಾರ. ಪಕ್ಕದ ಸಂದಿಯಿಂದ ಹಿತ್ತಿಲು ಕಾಣುತ್ತಿತ್ತು. ಹೊಟ್ಟಿನ ಮನೆ ಇದ್ದ ಜಾಗದಲ್ಲಿ ಯಾರದೋ ಮೋಟಾರು ಸೈಕಲ್ಲು ನಿಂತಿತ್ತು. ನಾನು ಕಾರಿನಿಂದ ಇಳಿಯಲಿಲ್ಲ.

ನಮ್ಮದು ಅಗಸಿ ಹೊರಗಿನ ಓಣಿ. ಊರಿನ ಹಳೆಯ ಕೋಟೆ ಬಾಗಿಲಿಗೆ ನಮ್ಮ ಕಡೆ ಅಗಸಿ ಎನ್ನುತ್ತೇವೆ. ಅಗಸಿಯ ಒಳಗೆ ಪೇಟೆ, ಸಂಸ್ಥಾನದ ದೊಡ್ಡವರು. ಹೊರಗೆ ಅವರ ಕುದುರೆಗಳನ್ನು ನಂಬಿ ಬದುಕುತ್ತಿದ್ದ ನಾವು. ಕುದುರೆಗೆ ನಾಲು ಬಡಿಯುವವರು, ಜೀನು ಹೊಲಿಯುವವರು, ಟಾಂಗಾ ಹೊಡೆಯುವವರು. ನಮ್ಮಪ್ಪ ಲಾಯಕ್ಕೆ ಹುರುಳಿ, ಹೊಟ್ಟು ಹಾಕುತ್ತಿದ್ದ. ನಮ್ಮ ಹಿತ್ತಿಲಲ್ಲಿ ಹೊಟ್ಟು ತುಂಬಿಡಲೆಂದೇ ಒಂದು ಕೋಣೆ ಕಟ್ಟಿಸಿದ್ದ. ಅದೇ ಹೊಟ್ಟಿನ ಮನೆ. ಓಣಿಯಲ್ಲಿ ಲಿಂಗಾಯತರು, ಮುಸಲ್ಮಾನರು, ಮರಾಠಿ ಮಾತಾಡುವ ಎರಡು ಮೂರು ಮನೆಯವರು. ಎಲ್ಲರ ರೊಟ್ಟಿಯೂ ಕುದುರೆ ಹೊಟ್ಟೆಯಿಂದಲೇ ಬರುವುದು ಎಂದು ಅಪ್ಪ ನಗುತ್ತಿದ್ದ. ಹಬ್ಬಕ್ಕೆ ಈ ಮನೆಯ ಹೋಳಿಗೆ ಆ ಮನೆಗೆ, ಆ ಮನೆಯ ಸುರಕುಂಬಾ ಈ ಮನೆಗೆ. ಅದನ್ನು ಒಳ್ಳೆಯತನ ಎಂದು ಯಾರೂ ಕರೆಯುತ್ತಿರಲಿಲ್ಲ. ಓಣಿ ಎಂದಮೇಲೆ ಹಾಗೇ ಎಂದುಕೊಂಡಿದ್ದೆವು.

ಆಮೇಲೆ ಸಂಸ್ಥಾನ ಹೋಯಿತು. ಕುದುರೆಗಳನ್ನು ಮಾರಿದರು. ನಾನಾಗ ಲಂಗ ಉಡುವ ಹುಡುಗಿ. ನನಗೆ ತಿಳಿದದ್ದು ಇಷ್ಟೇ, ಮುಂಜಾನೆ ಎಚ್ಚರವಾಗುವಷ್ಟರಲ್ಲಿ ಕೇಳುತ್ತಿದ್ದ ಟಕಟಕ ಸಪ್ಪಳ ನಿಂತುಹೋಯಿತು. ಕೆಲವು ವರ್ಷ ಓಣಿಯವರು ಏನಾದರೂ ಬರುತ್ತದೆ ಎಂದು ಕಾದರು. ಏನೂ ಬರಲಿಲ್ಲ. ಜೀನು ಹೊಲಿಯುವವರು ಹುಬ್ಬಳ್ಳಿಗೆ ಹೋಗಿ ಚಪ್ಪಲಿ ಹೊಲಿಯತೊಡಗಿದರು. ಟಾಂಗಾದವರು ಮೋಟಾರು ಸ್ಟ್ಯಾಂಡಿನಲ್ಲಿ ಗಂಟು ಹೊತ್ತರು. ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದ ವರ್ಷ ಮರಾಠಿ ಮನೆಗಳವರೂ ಸಾತಾರಾ, ಪುಣೆ ಎಂದು ಹೊರಟುಹೋದರು.

ಅವರು ಬಿಟ್ಟ ಜಾಗಕ್ಕೆ ಪಗಾರದವರು ಬಂದರು. ಹೊಸ ಕಚೇರಿ, ಹೊಸ ಸಾಲೆ, ಹೊಸ ರಸ್ತೆ ಕೆಲಸ. ಮೈಸೂರು ಕಡೆಯ ಕಾರಕೂನರು, ಮಂಗಳೂರು ಕಡೆಯಿಂದ ಬಂದ, ಮಕ್ಕಳಿಗೆ ಸಿಡುಬಿನ ದೇವಿ ಹಾಕುವವನು, ಮೀನು ತಿಂದು ಮುಳ್ಳನ್ನು ಕಾಗದದಲ್ಲಿ ಸುತ್ತಿ ದೂರ ಒಯ್ದು ಒಗೆಯುವ ಮಲಬಾರಿನ ಡ್ರೈವರು. ಅವರಿಗೆ ತಿಂಗಳು ತಿಂಗಳು ಪಗಾರ, ನಮಗೆ ಖಾಲಿ ಮನೆಗಳು. ಓಣಿಯ ಪ್ರತಿ ಮನೆಯವರೂ ಮೊದಲು ಪಡಸಾಲೆಯನ್ನು ಬಾಡಿಗೆಗೆ ಕೊಟ್ಟರು, ಆಮೇಲೆ ನಡುಮನೆಯಲ್ಲಿ ಅರ್ಧ, ಆಮೇಲೆ ಒಳಕೋಣೆ. ಮಾಲಕರು ಹಿಂದಕ್ಕೆ ಸರಿಯುತ್ತ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದರು. ಪಗಾರದವರು ಮುಂದಿನ ಬಾಗಿಲಿಂದ ಓಡಾಡಿದರೆ ಮನೆಯ ಯಜಮಾನರು ಹಿಂದಿನ ಗಲ್ಲಿಯಿಂದ ಓಡಾಡುತ್ತಿದ್ದರು. ಸಂಜೆಯಾದರೆ ಓಣಿ ತುಂಬ ಇಂಗು, ಕೊಬ್ಬರಿ ಎಣ್ಣೆ, ಹುರಿದ ಕಾಫಿ ಬೀಜ. ಎಷ್ಟು ತರದ ಜನ, ಎಷ್ಟು ತರದ ಮಾತು! ದೂರದಿಂದ ನೋಡಿದವರಿಗೆ ಓಣಿ ಉದ್ಧಾರವಾಯಿತು ಎನ್ನಿಸಿರಬೇಕು.

ನನಗೆ ಇದೆಲ್ಲ ಆಮೇಲೆ ತಿಳಿದದ್ದು. ರಾಜ್ಯ ಒಂದಾಗುವ ಮುಂಚಿನ ಬೇಸಿಗೆಯಲ್ಲಿ ನನ್ನನ್ನು ಹಂಸಭಾವಿಗೆ ಕೊಟ್ಟರು. ಹೊಲಮನೆಯುಳ್ಳ ಸಂಸಾರ; ನಮ್ಮ ಅತ್ತೆ ಕೆಟ್ಟವಳಲ್ಲ, ಆದರೆ ಮರ್ಯಾದೆಯನ್ನು ಮೂಗಿನ ನತ್ತಿನ ಹಾಗೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡವಳು. ಮರುವರ್ಷ ನಾನು ಬಸುರಿಯಾದೆ. ಏಳು ತಿಂಗಳಿಗೆ ಅವ್ವ ಹಸಿರು ಸೀರೆ, ಕುಬಸ, ಮಡಿಲಕ್ಕಿ ತೆಗೆದುಕೊಂಡು ಬಂದಳು. ನನ್ನ ಬೆನ್ನಿಗೆ ಹುಟ್ಟಿದವರಾರೂ ಉಳಿದಿರಲಿಲ್ಲ, ನಾನೊಬ್ಬಳೇ ಮಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದರಲ್ಲಿ ಕೇಳುವ ಮಾತೇ ಇರಲಿಲ್ಲ.

ಅತ್ತೆ ಒಂದೇ ಮಾತು ಕೇಳಿದಳು. "ಬಾಣಂತಿ ಕ್ವಾಣಿ ಬೆಚ್ಚಗೈತಿ ಹೌದಿಲ್ರಿ ಬೀಗತಿ?"

"ನೀಲಾ ಹುಟ್ಟಿದ್ದೂ ಅದ ಕ್ವಾಣ್ಯಾಗರೀ," ಎಂದಳು ಅವ್ವ. "ಗಾಳಿ ಅಂದ್ರ ಏನು ಅಂತ ಆ ಕ್ವಾಣಿಗೆ ಗೊತ್ತಿಲ್ಲ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮೋಟಾರು ಇಳಿದು ಓಣಿಗೆ ಬಂದರೆ ನಮ್ಮ ಕಟ್ಟೆಯ ಮೇಲೆ ಗುರುತಿಲ್ಲದ ಇಬ್ಬರು ಗಂಡಸರು ಕೂತಿದ್ದರು. ಒಬ್ಬ ದಾಡಿ ಮಾಡಿಕೊಳ್ಳುತ್ತಿದ್ದ, ಇನ್ನೊಬ್ಬ ಪೇಪರು ಓದುತ್ತಿದ್ದ. ಪೇಪರಿನವನು ತಲೆ ಎತ್ತಿ, "ಯಾರು ಬೇಕಾಗಿತ್ತು?" ಎಂದು ನನ್ನನ್ನು ಕೇಳಿದ. ನಾನು ಹುಟ್ಟಿದ ಮನೆಯ ಕಟ್ಟೆಯ ಮೇಲೆ ಕೂತು! ನಾನು ತಲೆಯ ಮೇಲೆ ಸೆರಗೆಳೆದುಕೊಂಡು ಅವ್ವನ ಕಡೆ ನೋಡಿದೆ. ಅವ್ವ ನನ್ನ ಮುಖ ನೋಡಲಿಲ್ಲ. "ಸಾಲಿ ಮಾಸ್ತರು ಅದಾರ. ಪಡಸಾಲ್ಯಾಗ ಇರ್ತಾರ. ಬಾ ಒಳಗ," ಎಂದಳು.

ಒಳಗೆ ನಡುಮನೆ ದಾಟಿದರೆ ನನ್ನ ಕೋಣೆ. ನನ್ನದು ಎನ್ನುವುದಕ್ಕೆ ಮತ್ತೇನಿತ್ತು, ನಾನು ಹುಟ್ಟಿದ್ದು ಅಲ್ಲಿ, ದೊಡ್ಡವಳಾಗಿ ಕೂತದ್ದು ಅಲ್ಲಿ. ಆ ಬಾಗಿಲಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಿಳಿಚಿದ ಮುಖ, ಹಣೆಯ ತುಂಬ ಕುಂಕುಮ, ನನ್ನಷ್ಟೇ ದೊಡ್ಡ ಹೊಟ್ಟೆ. "ಬನ್ನಿ, ಬನ್ನಿ. ನಿಮ್ಮ ತಾಯಿ ದಿನಾ ನಿಮ್ಮ ಮಾತೇ ಆಡ್ತಿದ್ರು. ಕೂತ್ಕೊಳ್ಳಿ," ಎಂದು ನನ್ನ ಮನೆಗೆ ನನ್ನನ್ನೇ ಕರೆದಳು. ಸಾವಿತ್ರಮ್ಮ ಎಂದು ಹೆಸರು. ತಿಪಟೂರು ಕಡೆಯವಳು, ಕಚೇರಿಯ ಕಾರಕೂನ ರಾಯರ ಹೆಂಡತಿ. ನಮ್ಮದು ಮಾಂಸ ಬೇಯಿಸದ ಮನೆ ಎಂದು ಹುಡುಕಿಕೊಂಡು ಬಂದವರು.

ಅವ್ವನ ಹಿಂದೆ ನಡೆಯುತ್ತ ನಡೆಯುತ್ತ ಮನೆಯೇ ಮುಗಿದು ಹಿತ್ತಿಲು ಬಂತು. ಹೊಟ್ಟಿನ ಮನೆಯ ಬಾಗಿಲಲ್ಲಿ ಅಪ್ಪ ಹೊರಸಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ನಗಲು ಹೋಗಿ ಕೆಮ್ಮಿದ. ಒಳಗೆ ಅವ್ವನ ಒಲೆ, ಗಡಿಗೆ, ದೇವರ ಜಗಲಿ, ಎಲ್ಲ ಒಂದೇ ಕಡೆ. ಹೊಟ್ಟು ಖಾಲಿಯಾಗಿ ವರ್ಷಗಳೇ ಆಗಿದ್ದರೂ ಗೋಡೆ ಮುಟ್ಟಿದರೆ ಧೂಳು ಕೈಗೆ ಹತ್ತುತ್ತಿತ್ತು.

"ಇದೇನಬೇ ಇದು?" ಎಂದು ಮರುದಿನ ಕೇಳಿದೆ. ಅವ್ವ ಖಾರ ಕುಟ್ಟುತ್ತಿದ್ದಳು.

"ಏನ್ ಮಾಡಲೆ? ನಿಮ್ಮಪ್ಪ ಕೂತು ಉಣ್ಣಾಕ ಸಂಸ್ಥಾನ ಐತೇನು? ಆಕಿನೂ ಚೊಚ್ಚಲದಾಕಿ. ಏಳರಾಗ ತವರಿಗೆ ಹೋಗ್ತಾಳ, ಕ್ವಾಣಿ ಖಾಲಿ ಆಕ್ಕೈತಿ, ನೀ ಬರೂದಕ್ಕ ಸರಿ ಆಕ್ಕೈತಿ ಅಂತ ಮಾಡಿದ್ದೆ. ಆಕಿ ಹೋಗವಲ್ಲಳು."

"ಯಾಕ ಹೋಗವಲ್ಲಳು?"

"ಆಕಿಗೆ ತವರ ಇಲ್ಲಂತ." ಒನಕೆ ನಿಂತಿತು. "ಅವ್ವ ಸಣ್ಣಾಕಿದ್ದಾಗ ಸತ್ತಾಳಂತ. ಮಲತಾಯಿ ಕಳಸಬ್ಯಾಡ್ರಿ ಅಂದಾಳಂತ."

"ಕ್ವಾಣಿ ಕೊಡೂ ಮುಂದ ಕೇಳಬಾರದಿತ್ತೇನು?"

"ಬಸುರಿ ಹೆಣಮಗಳ ಮುಂದ ನಿಂತು, ನಿಮ್ಮವ್ವ ಅದಾಳೋ ಸತ್ತಾಳೋ ಅಂತ ಹ್ಯಾಂಗ ಕೇಳಲೆ ನೀಲಾ? ನಿನ್ನ ಯಾರರ ಹಂಗ ಕೇಳಿದ್ರ ನಾ ಸುಮ್ಮನಿರ್ತಿದ್ನೇನು?"

ನಮ್ಮ ಕಡೆ ಹೆಣ್ಣೆಂದರೆ ಅವಳಿಗೊಂದು ತವರು ಇದ್ದೇ ಇರುತ್ತದೆ. ಬಡತನದ ತವರು, ಜಗಳದ ತವರು, ಏನೋ ಒಂದು. ತವರೇ ಇಲ್ಲದ ಹೆಣ್ಣು ಅವ್ವನ ತಲೆಗೆ ಹೊಳೆದಿರಲೇ ಇಲ್ಲ. ಊರು ಊರಿನ ಜನ ಓಣಿಗೆ ಬಂದು ಸೇರಿದರು. ಅವರ ಹಿಂದೆ ಏನಿದೆ ಏನಿಲ್ಲ ಎಂದು ನಮಗೆ ಹೇಗೆ ತಿಳಿಯಬೇಕು? ಅವ್ವ ತನ್ನ ರೂಢಿಯನ್ನೇ ಲೋಕದ ರೂಢಿ ಎಂದು ನಂಬಿ ಕೋಣೆ ಕೊಟ್ಟುಬಿಟ್ಟಿದ್ದಳು.

ಅಪ್ಪ ಖಾಲಿ ಮಾಡಿಸುತ್ತೇನೆ ಎಂದು ಎದ್ದ. ಅವ್ವ ಅವನ ತೋಳು ಹಿಡಿದಳು. "ತುಂಬಿದ ಬಸುರಿನ್ನ ಹೊರಗ ಹಾಕ್ತೀರೇನು? ಆಕಿ ಕಣ್ಣೀರು ಯಾರ ಮ್ಯಾಲೆ ಬೀಳ್ತಾವು? ನಿಮ್ಮ ಮಗಳ ಮ್ಯಾಲೆ ಬೀಳ್ತಾವು." ಸಂಗತಿ ತಿಳಿದು ರಾಯರೇ ಬೇರೆ ಮನೆ ನೋಡಲು ಹೊರಟರು. ಒಳ್ಳೆಯ ಮನುಷ್ಯ, ಹೆದರುಪುಕ್ಕ. ಕೊಡೆ ಹಿಡಿದುಕೊಂಡು ಓಣಿಯ ಮನೆ ಮನೆ ತಿರುಗಿದರು. ಎಲ್ಲ ಪಡಸಾಲೆಗಳೂ ತುಂಬಿದ್ದವು. ಒಂದೆರಡು ಕಡೆ ಜಾಗವಿದ್ದರೂ, ಹೆಂಡತಿಗೆ ದಿನ ತುಂಬುತ್ತಿವೆ ಎಂದ ಕೂಡಲೇ ಬಾಗಿಲು ಮುಚ್ಚಿದರು. ಹೆರಿಗೆಯ ಮೈಲಿಗೆಯನ್ನು ಬಾಡಿಗೆಗೆ ಯಾರು ತೆಗೆದುಕೊಳ್ಳುತ್ತಾರೆ?

ಸಾವಿತ್ರಮ್ಮ ನನ್ನನ್ನು ಹುಡುಕಿಕೊಂಡು ಹಿತ್ತಿಲಿಗೆ ಬಂದಳು. "ನೀವು ಒಳಗೆ ಬಂದ್ಬಿಡಿ. ಇಬ್ರೂ ಆ ರೂಮಲ್ಲೇ ಇರೋಣ. ನಾನು ಮೂಲೇಲಿ ಇರ್ತೀನಿ," ಎಂದಳು. ನನಗೆ ಹೂಂ ಎನ್ನಬೇಕೆನಿಸಿತು. ಆದರೆ ಅವ್ವ ಅಡ್ಡ ಬಂದಳು. ಒಂದೇ ತೊಲೆಯ ಕೆಳಗೆ ಎರಡು ಚೊಚ್ಚಲ ಹೆರಿಗೆ ಆಗಬಾರದು, ಎರಡರಲ್ಲಿ ಒಂದು ನಿಲ್ಲುವುದಿಲ್ಲ ಎಂದು ಅವಳ ನಂಬಿಕೆ. ಅವಳ ಅವ್ವನ ನಂಬಿಕೆ, ಓಣಿಯ ಹಳೆಯ ಹೆಂಗಸರೆಲ್ಲರ ನಂಬಿಕೆ. ಮನೆಗೆ ಈ ಗೋಡೆಯಿಂದ ಆ ಗೋಡೆಗೆ ಒಂದೇ ಸಾಗವಾನಿ ತೊಲೆ. ಪಡಸಾಲೆಯೂ ಅದರ ಕೆಳಗೇ, ನಡುಮನೆಯೂ ಅದರ ಕೆಳಗೇ. ಹೊಟ್ಟಿನ ಮನೆಯದೊಂದೇ ಬೇರೆ ತೊಲೆ.

ಎದುರು ಮನೆಯ ಮಾಬೂಬಿ ಚಿಗವ್ವನಿಗೆ ಇದೆಲ್ಲ ಹೇಳಬೇಕಾಗಿರಲಿಲ್ಲ, ಕಣ್ಣಿನಿಂದಲೇ ನೋಡಿದ್ದಳು. ನಾಲು ಬಡಿಯುವವನ ಹೆಂಡತಿ. ಗಂಡ ತೀರಿಕೊಂಡಿದ್ದ, ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ಅವಳನ್ನು ಕರೆಯುತ್ತಿದ್ದ. ಮನೆಯನ್ನು ಒಬ್ಬ ಹೋಟೆಲಿನವನಿಗೆ ಕೊಟ್ಟಾಗಿತ್ತು; ಪಂಚಮಿ ಮುಗಿದ ಮೇಲೆ ಅವನು ಬರುವುದು. ಒಂದು ಮಧ್ಯಾಹ್ನ ಬಂದು ಅವ್ವನ ಮುಂದೆ ಕೂತಳು.

"ನನ್ನ ಮನಿ ಅರ್ಧಾ ಖಾಲಿ ಬಿದ್ದೈತಿ. ತೊಲಿನೂ ಬ್ಯಾರೆ. ಹುಡುಗಿನ್ನ ಅಲ್ಲಿ ತಂದು ಹಾಕು. ಆಕಿ ನೀರ ಹಾಕ್ಕೊಂಡು ಏಳೂತನಕ ನಾ ಹುಬ್ಬಳ್ಳಿಗೆ ಹೋಗಂಗಿಲ್ಲ. ಅಲ್ಲಾನ ಆಣಿ."

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ನಿನ್ನ ಮನಿ ನನಗ ಬ್ಯಾರೆ ಅಲ್ಲ ಮಾಬೂಬಿ. ಹಂಸಭಾವಿಯವರು ಬಂದು ಕೇಳಿದ್ರ ಏನ್ ಹೇಳ್ಲೆ? ಮನಿ ಬಾಡಿಗಿಗೆ ಕೊಟ್ಟು ಮಗಳನ್ನ ಮಂದಿ ಮನ್ಯಾಗ ಹಾಕ್ಯಾರ ಅಂತಾರ. ಹೊರಗ ಮಾಸ್ತರು ಅದಾರ, ಅವರೂ ನೋಡ್ತಾರ."

"ನಾ ಮಂದಿ ಯಾವಾಗ ಆದೆ?" ಎಂದಳು ಮಾಬೂಬಿ. "ಇದ ಹುಡುಗಿ ನನ್ನ ತೊಡಿ ಮ್ಯಾಲೆ ಬೆಳದಾಳ."

"ಆವಾಗ ಓಣ್ಯಾಗ ನಾವ ನಾವ ಇದ್ವಿ."

ಈ ಮಾತು ನನಗೆ ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತದೆ. ನಾವು ನಾವೇ ಇದ್ದಾಗ ಯಾರು ಯಾರ ಮನೆಯಲ್ಲಿ ಉಂಡರು, ಮಲಗಿದರು ಎಂದು ಯಾರೂ ನೋಡುತ್ತಿರಲಿಲ್ಲ. ಹತ್ತು ತರದ ಜನ ಬಂದು ಸೇರಿದ ಮೇಲೆ ಪ್ರತಿಯೊಬ್ಬರೂ ತಾವು ಯಾರು ಎಂದು ನೆನಪಿಟ್ಟುಕೊಂಡು ನಡೆಯತೊಡಗಿದರು. ಹೊಸಬರು ನಮಗೆ ಏನೂ ಅಂದಿರಲಿಲ್ಲ, ಪಾಪ. ಅವರು ಅನ್ನಬಹುದು ಎಂದು ನಾವೇ ಹೆದರಿದೆವು. ಕೈಯಲ್ಲಿ ಕಾಸಿಲ್ಲದವರಿಗೆ ಮರ್ಯಾದೆಯ ಭಯ ಮತ್ತಷ್ಟು. ನನ್ನನ್ನಂತೂ ಯಾರೂ ಕೇಳಲಿಲ್ಲ. ಕೇಳಿದ್ದರೆ ಆವತ್ತೇ ನನ್ನ ಹಾಸಿಗೆ ಸುತ್ತಿಕೊಂಡು ಚಿಗವ್ವನ ಮನೆಗೆ ಹೋಗುತ್ತಿದ್ದೆ.

ಮೃಗಶಿರಾ ಮಳೆ ಸುಮ್ಮನೆ ಬಂದು ಹೋಯಿತು. ಆರಿದ್ರಾ ಹಿಡಿದು ಹಾಕಿತು. ಹೊಟ್ಟಿನ ಮನೆಯ ಹೆಂಚುಗಳನ್ನು ಅಪ್ಪ ತಾನೇ ಏರಿ ಸರಿಪಡಿಸಿದ. ಎಡಗಡೆ ಮುಚ್ಚಿದರೆ ಬಲಗಡೆ ಸೋರುತ್ತಿತ್ತು. ಗೋಡೆಗಳು ನೀರು ಕುಡಿದವು. ಬಿರುಕುಗಳಲ್ಲಿ, ನೆಲದ ಸಂದಿಗಳಲ್ಲಿ ವರ್ಷಗಳಿಂದ ಕೂತಿದ್ದ ಹೊಟ್ಟು ನೆಂದು ಮೇಲೆದ್ದಿತು. ಆ ವಾಸನೆ ನನ್ನ ರೊಟ್ಟಿಯಲ್ಲಿ, ಸೀರೆಯಲ್ಲಿ, ತಲೆಗೂದಲಲ್ಲಿ ಸೇರಿಕೊಂಡಿತು. ಅವ್ವ ದಿನಾ ಸಗಣಿ ಹಾಕಿ ಸಾರಿಸಿದಳು, ಲೋಬಾನ ಹಾಕಿದಳು, ಬೇವಿನ ಸೊಪ್ಪು ಸುಟ್ಟಳು. ಹೊಗೆ ಹೋಗಲು ಕಿಂಡಿ ಇರಲಿಲ್ಲ. ಹೊಟ್ಟು ತುಂಬಿಡಲು ಕಟ್ಟಿದ ಕೋಣೆಗೆ ಕಿಂಡಿ ಏಕೆ ಬೇಕು?

ಪುನರ್ವಸು ಮಳೆಯ ನಡುವೆ ಒಂದು ಮುಂಜಾನೆ ನನಗೆ ಬೇನೆ ಹತ್ತಿತು. ಸೂಲಗಿತ್ತಿ ಮೊಣಕಾಲುದ್ದ ಕೆಸರು ತುಳಿದುಕೊಂಡು ಬಂದಳು. ಊಟದ ಹೊತ್ತಿಗೆ ಗಂಡುಮಗು ಹುಟ್ಟಿತು. ತಲೆತುಂಬ ಕಪ್ಪು ಕೂದಲು, ನನ್ನಪ್ಪನ ಅಗಲವಾದ ಕಿವಿ. ಅತ್ತ ಶಬ್ದ ಕೇಳಿ ನಡುಮನೆಯಲ್ಲಿ ಸಾವಿತ್ರಮ್ಮ ಚಪ್ಪಾಳೆ ತಟ್ಟಿದ್ದು ನನಗೆ ಕೇಳಿಸಿತು. ಅಯ್ಯನವರು ಬಂದು ಲಿಂಗ ಕಟ್ಟಿ ಹೋದರು. ಅಪ್ಪ ಎಷ್ಟೋ ದಿನಗಳ ಮೇಲೆ ಅಗಸಿಯ ಒಳಗೆ ಹೋಗಿ, ತಲೆ ಎತ್ತಿ ನಡೆದು, ಸಕ್ಕರೆ ಹಂಚಿ ಬಂದ. ಹೆಸರಿಡುವುದು ತೊಟ್ಟಿಲಿಗೆ ಹಾಕುವ ದಿನ. ನಾನು ಮಾತ್ರ ಒಂದು ಹೆಸರನ್ನು ಬಸಿರಿನಲ್ಲಿದ್ದಾಗಲೇ ಗೊತ್ತುಮಾಡಿಕೊಂಡಿದ್ದೆ. ಯಾರೂ ಇಲ್ಲದಾಗ ಅವನ ಕಿವಿಯಲ್ಲಿ ಆ ಹೆಸರು ಹೇಳುತ್ತಿದ್ದೆ. ಅವನು ಕಣ್ಣು ಬಿಟ್ಟು ಆಲಿಸುತ್ತಿದ್ದ ಎಂದು ನಾನು ಇವತ್ತಿಗೂ ಹೇಳುತ್ತೇನೆ, ಅಷ್ಟು ಚಿಕ್ಕ ಕೂಸಿಗೆ ಏನು ತಿಳಿಯುತ್ತದೆ ಎಂದು ಯಾರು ಬೇಕಾದರೂ ನಗಲಿ.

ಮಳೆ ಬಿಡಲಿಲ್ಲ. ಹೊರಸಿನ ಕೆಳಗೆ ಕೆಂಡ ಇಟ್ಟರೆ ಹಸಿ ಗೋಡೆಯಿಂದ ಹಬೆ ಏಳುತ್ತಿತ್ತು, ಕೆಂಡ ತೆಗೆದರೆ ಥಂಡಿ. ಅವ್ವ ಇಡುವುದು, ತೆಗೆಯುವುದು, ಮತ್ತೆ ಇಡುವುದು. ಕೂಸು ಮೊದಲು ಸೀನಿತು. ನಾವು ನಕ್ಕೆವು. ಆಮೇಲೆ ಕೆಮ್ಮಿತು. ಆಮೇಲೆ ಮೊಲೆ ಹಿಡಿದು ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು, ಉಸಿರು ಸಾಲದೆ. ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆಯತೊಡಗಿತು. ಮಾಬೂಬಿ ಬಂದು ನೋಡಿದವಳೇ ಕೂಸನ್ನು ತನ್ನ ಸೆರಗಿನೊಳಗೆ ಸುತ್ತಿಕೊಂಡು, "ಇನ್ನರ ನನ್ನ ಮನಿಗೆ ನಡೀರಿ, ಕೈ ಮುಗೀತೇನಿ," ಎಂದಳು. ಅವ್ವ ಆಗ ಹೂಂ ಎಂದಳು. ಆಗ ಎಂದಳು. ಅಪ್ಪ ಕಂಬಳಿ ಹೊದಿಸಿಕೊಂಡು ದವಾಖಾನೆಗೆ ಒಯ್ದ. ಡಾಕ್ಟರು ಎದೆಗೆ ಕಿವಿ ಕೊಟ್ಟು ಕೇಳಿ, "ಕೂಸಿನ್ನ ಎಲ್ಲಿ ಮಲಗಿಸಿದ್ರಿ?" ಎಂದರಂತೆ. ಔಷಧಿ ಕೊಟ್ಟರು. ಮನೆಗೆ ತಂದು ಚಿಗವ್ವನ ಬೆಚ್ಚನೆಯ ಕೋಣೆಯಲ್ಲಿ ನನ್ನ ಮಡಿಲಿಗೆ ಹಾಕಿದರು. ಅಲ್ಲಿ ಅದು ಬಹಳ ಹೊತ್ತು ಇರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಇನ್ನೂ ಮುಂದಿತ್ತು.

ತೊಲೆಯೂ ಅಲ್ಲ, ಸಾವಿತ್ರಮ್ಮನ ಬಸಿರೂ ಅಲ್ಲ. ನನ್ನ ಮಗನನ್ನು ಕೊಂದದ್ದು ಆ ಹಸಿ ಗೋಡೆ, ಆ ಧೂಳು. ಅವ್ವ ನನ್ನನ್ನು ತೊಲೆಯಿಂದ ಉಳಿಸಲು ಅಲ್ಲಿಗೆ ಹಾಕಿದ್ದಳು. ಇದನ್ನು ನಾನು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅದೇ ಮಧ್ಯಾಹ್ನ, ಅಪ್ಪ ಮಣ್ಣು ಮಾಡಿ ಬಂದು ಕಾಲು ತೊಳೆಯುವಾಗ, ಹಂಸಭಾವಿಯಿಂದ ಅತ್ತೆ ಬಂದಿಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಬಾಣಂತಿಗೆಂದು ಬುಟ್ಟಿ ತುಂಬ ತುಪ್ಪ, ಬೆಲ್ಲ, ಒಣಕೊಬ್ಬರಿ, ಅಂಟು ತಂದಿದ್ದಳು. ಕಟ್ಟೆಯ ಮೇಲಿನ ಮಾಸ್ತರು ಎದ್ದು ನಿಂತು ದಾರಿ ಬಿಟ್ಟರು. ನಡುಮನೆ ದಾಟಿ, ಸಾವಿತ್ರಮ್ಮನನ್ನು ದಾಟಿ, ಹಿತ್ತಿಲಿಗೆ ಬಂದು ಹೊಟ್ಟಿನ ಮನೆಯೊಳಗೆ ಬಗ್ಗಿ ನೋಡಿದಳು. ಖಾಲಿ ಹೊರಸು, ಅದರ ಕೆಳಗೆ ಆರಿದ ಕೆಂಡ.

"ಕ್ವಾಣಿ ಬೆಚ್ಚಗೈತಿ ಅಂದಿದ್ರಲ್ರೀ ಬೀಗತಿ," ಎಂದಳು. ಬೈಯಲಿಲ್ಲ. ಬೈದಿದ್ದರೆ ಅವ್ವನಿಗೆ ಹಗುರಾಗುತ್ತಿತ್ತು. ಬುಟ್ಟಿಯನ್ನು ಅಲ್ಲಿಯೇ ಇಟ್ಟು, ಮೈ ಸುಧಾರಿಸಿದ ಮೇಲೆ ನನ್ನನ್ನು ಕರೆದೊಯ್ಯುತ್ತೇವೆ ಎಂದು ಹೇಳಿ ಸಂಜೆಯ ಮೋಟಾರಿಗೆ ಹೋದಳು.

ಹಾಲು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಯಾರೂ ಸುದ್ದಿ ಹೇಳಿರಲಿಲ್ಲ. ಮಾಬೂಬಿ ಮಲ್ಲಿಗೆ ಹೂ ತಂದು ಎದೆಗೆ ಬಿಗಿಯಾಗಿ ಕಟ್ಟಿದಳು, ಹಾಲು ಇಂಗಲಿ ಎಂದು. ನಾನು ಹೊಟ್ಟಿನ ಮನೆಗೇ ಮರಳಿದ್ದೆ; ಹಸಿ ಹೊಟ್ಟಿನ ವಾಸನೆಯ ಜೊತೆ ಬಾಡಿದ ಮಲ್ಲಿಗೆಯ ವಾಸನೆ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಚಿಗವ್ವನ ಮನೆಯಲ್ಲಿ ಇರಲು ಈಗ ಯಾವ ಅಡ್ಡಿಯೂ ಇರಲಿಲ್ಲ, ನನಗೇ ಮನಸ್ಸಾಗಲಿಲ್ಲ. ಸಾಯಬೇಕೆಂದು ನಾನು ಅತ್ತದ್ದು ಆ ದಿನಗಳಲ್ಲಿ, ಅದಕ್ಕಿಂತ ಮೊದಲೂ ಇಲ್ಲ, ಆಮೇಲೂ ಇಲ್ಲ.

ಪಂಚಮಿಯ ಹಿಂದಿನ ದಿನ ಸಾವಿತ್ರಮ್ಮ ಹೆತ್ತಳು. ಓಣಿಯಲ್ಲಿ ಹುಡುಗಿಯರು ಜೋಕಾಲಿ ಕಟ್ಟಿಸುತ್ತಿದ್ದರು. ಅವಳಿಗೆ ತಾಯಿ ಇರಲಿಲ್ಲವಲ್ಲ. ಬೇನೆ ಹತ್ತಿದಾಗ ಅವಳ ತಲೆ ಹಿಡಿದುಕೊಂಡು ಕೂತವಳು ನಮ್ಮವ್ವ. ಗಂಡುಮಗು. ಮರುದಿನವೇ ಅವಳಿಗೆ ಜ್ವರ ಏರಿತು, ಎದೆಯಲ್ಲಿ ಒಂದು ಹನಿ ಹಾಲು ಇಳಿಯಲಿಲ್ಲ. ಹಸುವಿನ ಹಾಲಿನಲ್ಲಿ ಬತ್ತಿ ಅದ್ದಿ ಚೀಪಿಸಿದರೆ ಕೂಸು ಕಕ್ಕುತ್ತಿತ್ತು. ಅಳುವುದು, ದಣಿಯುವುದು, ಮತ್ತೆ ಅಳುವುದು. ಆ ಅಳು ನಡುಮನೆ ದಾಟಿ, ಹಿತ್ತಿಲು ದಾಟಿ, ನೇರವಾಗಿ ನನ್ನ ಎದೆಗೆ ಬರುತ್ತಿತ್ತು. ಹೂವಿನ ಕಟ್ಟಿನ ಮೇಲೆ ಕುಬಸ ಒದ್ದೆಯಾಗುತ್ತಿತ್ತು. ನಾನು ಹಲ್ಲು ಕಚ್ಚಿದೆ. ನನ್ನ ಕೋಣೆ ತೆಗೆದುಕೊಂಡರು, ಇನ್ನು ಇದೂ ಬೇಕೇನು ಎನ್ನಿಸಿತು.

ರಾಯರು ಹೊಟ್ಟಿನ ಮನೆಯ ಬಾಗಿಲವರೆಗೆ ಬಂದು, ಕೊಡೆಯಿಂದ ನೀರು ಸೋರುತ್ತಿರಲು ನಿಂತು, ಹಾಗೇ ತಿರುಗಿ ಹೋದರು. ಆಮೇಲೆ ಅವ್ವ ಬಂದಳು. "ನೀಲಾ," ಎಂದಳು. "ಆ ಕೂಸು ಅಳಾಕತ್ತೈತಿ."

"ನನಗೂ ಕಿವಿ ಅದಾವ," ಎಂದೆ.

ಅವ್ವ ಬಾಗಿಲ ಪಕ್ಕ ಕುಸಿದು ಕೂತು, ಬಾಯಿಗೆ ಸೆರಗು ತುರುಕಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಮಗ ಹೋದ ದಿನ ಅವಳು ಅತ್ತಿರಲಿಲ್ಲ. ಅತ್ತೆಯ ಎದುರಿಗೂ ಅತ್ತಿರಲಿಲ್ಲ. ಈಗ ಅಳುತ್ತಿದ್ದಳು, ಮತ್ತು ಆ ಕಡೆ ಅದು ಅಳುತ್ತಿತ್ತು. ಎರಡು ಅಳುಗಳ ನಡುವೆ ನಾನೊಬ್ಬಳು. ಎದ್ದೆ. ಹೂವಿನ ಕಟ್ಟು ಬಿಚ್ಚಿ ಒಗೆದೆ. ಹಿತ್ತಿಲು ದಾಟಿ ನಡುಮನೆಗೆ ಬಂದರೆ, ಮಡಿಯೆಂದು ಒಲೆಯ ಕಟ್ಟಿಗೆಯ ಮೇಲೂ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದ ರಾಯರು ಬಾಗಿಲು ಬಿಟ್ಟು ಸರಿದು, ತಲೆ ಬಗ್ಗಿಸಿ ನಿಂತರು. ನಾನು ನನ್ನ ಕೋಣೆಯೊಳಗೆ ಹೋದೆ.

ಬೆಚ್ಚಗಿತ್ತು. ಗೋಡೆ ಒಣಗಿತ್ತು. ಅವ್ವ ಹಂಸಭಾವಿಯಲ್ಲಿ ಹೇಳಿದ್ದು ನಿಜ, ಗಾಳಿ ಎಂದರೆ ಏನೆಂದು ಆ ಕೋಣೆಗೆ ಗೊತ್ತಿರಲಿಲ್ಲ. ಸಾವಿತ್ರಮ್ಮ ಜ್ವರದ ಕಣ್ಣು ತೆರೆದು ನನ್ನನ್ನು ನೋಡಿ ಕೈ ಮುಗಿಯಲು ಹೋದಳು. "ಸುಮ್ಕ ಮಲಕ್ಕೊಳ್ಳವಾ," ಎಂದು ಗದರಿಸಿ ಕೂಸನ್ನು ಎತ್ತಿಕೊಂಡೆ. ಬೋಳು ತಲೆ, ಸಣ್ಣ ಕಿವಿ. ನನ್ನದಲ್ಲ. ಬಾಯಿ ಹಚ್ಚಿದ ಕೂಡಲೇ ಅದು ಎಷ್ಟು ಜೋರಾಗಿ ಎಳೆಯಿತೆಂದರೆ ನನಗೆ ನೋವಿನಿಂದ ಕಣ್ಣಲ್ಲಿ ನೀರು ಬಂತು. ಬದುಕಬೇಕೆಂಬ ಆಸೆ ಆ ಕೂಸಿಗೆ ಎಷ್ಟಿತ್ತು! ನನ್ನ ಮಗನಿಗೂ ಇತ್ತು, ಉಸಿರು ಇರಲಿಲ್ಲ.

ಸಾವಿತ್ರಮ್ಮ ಬದುಕಿದಳು. ಹಾಲು ಮಾತ್ರ ಅವಳಿಗೆ ಬರಲೇ ಇಲ್ಲ. ನನ್ನ ಗಂಡ ಕರೆಯಲು ಬಂದಾಗ, ಸ್ವಲ್ಪ ದಿನ ತಡೆಯಿರಿ ಎಂದೆ. ಆ ಪುಣ್ಯಾತ್ಮ ಯಾಕೆಂದು ಕೇಳಲಿಲ್ಲ. ಪಂಚಮಿಯ ಮೇಲೆ ಮಾಬೂಬಿ ಚಿಗವ್ವ ಹುಬ್ಬಳ್ಳಿಗೆ ಹೋದಳು. ಹೋಗುವಾಗ ಅವ್ವನನ್ನು ತಬ್ಬಿಕೊಂಡು, ನನ್ನ ತಲೆ ಸವರಿ, ತನ್ನ ಮನೆಯ ಬೀಗದ ಕೈಯನ್ನು ಹೋಟೆಲಿನವನಿಗೆ ಕೊಡಲು ನಮ್ಮ ಕೈಗೇ ಕೊಟ್ಟಳು. ಅವಳ ಮನೆಯಲ್ಲಿ ಇಡ್ಲಿ ಬೇಯತೊಡಗಿತು. ಓಣಿಯಲ್ಲಿ ಹಳಬರೆಂದರೆ ನಾವೊಬ್ಬರೇ ಉಳಿದೆವು. ಮುಂದೆ ಕೆಲವು ವರ್ಷಕ್ಕೆ ಅಪ್ಪನೂ ಮನೆ ಮಾರಿದ. ಹಂಸಭಾವಿಯಲ್ಲಿ ನಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದು ಅವ್ವ ಅಪ್ಪ ಕೊನೆಯವರೆಗೂ ಬಾಡಿಗೆಯವರಾಗಿಯೇ ಇದ್ದರು.

ಶೀಗಿ ಹುಣ್ಣಿಮೆಯ ಸುಮಾರಿಗೆ ರಾಯರಿಗೆ ಅವರ ಕಡೆಗೇ ವರ್ಗವಾಯಿತು. ಸಾಮಾನು ಮೋಟಾರು ಸ್ಟ್ಯಾಂಡಿಗೆ ಹೋಯಿತು. ಸಾವಿತ್ರಮ್ಮ ಕಟ್ಟೆಯ ಮೇಲೆ ಕೂತು ಕೂಸನ್ನು ನನ್ನ ಮಡಿಲಿಗೆ ಹಾಕಿದಳು, ಕೊನೆಯ ಸಲ ಕುಡಿಯಲಿ ಎಂದು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಊರಿಗೆ ಹೋಗಿ ಇಡುತ್ತೇವೆ ಎಂದು ಕೂಸೇ, ಮರೀ ಎಂದೇ ಕರೆಯುತ್ತಿದ್ದರು. ಕುಡಿದು ಕುಡಿದು ಅದಕ್ಕೆ ನಿದ್ದೆ ಹತ್ತಿತು.

"ಅಕ್ಕಾ," ಎಂದಳು ಸಾವಿತ್ರಮ್ಮ. ಅಷ್ಟು ದಿನ ನೀಲಮ್ಮನವರೇ ಎನ್ನುತ್ತಿದ್ದವಳು. "ನಿಮ್ಮ ಮಗೂಗೆ ಏನು ಹೆಸರು ಇಡಬೇಕು ಅಂತಿದ್ರಿ? ನನಗೆ ಹೇಳಿ. ಇವನಿಗೆ ಅದನ್ನೇ ಇಡ್ತೀನಿ. ನಿಮ್ಮ ಹಾಲು ಕುಡಿದವನು."

ನನ್ನ ಬಾಯಿಯವರೆಗೆ ಬಂತು. ಅವಳು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಳು, ಅದರಲ್ಲಿ ಸಂಶಯವಿಲ್ಲ. ಕೂಸು ನನ್ನ ಸೆರಗು ಹಿಡಿದುಕೊಂಡಿತ್ತು. ಬೆರಳು ಒಂದೊಂದಾಗಿ ಬಿಡಿಸಿ ಅವಳ ಕೈಗೆ ಕೊಟ್ಟೆ.

"ನಾ ಯಾವ ಹೆಸರೂ ಇಟ್ಟಿರ್ಲಿಲ್ಲವಾ," ಎಂದೆ.

ಅವಳು ನನ್ನ ಮುಖ ನೋಡಿದಳು. ತಿಳಿದುಕೊಂಡಳು. ಮತ್ತೆ ಕೇಳದೆ, ಬಗ್ಗಿ ನನ್ನ ಕಾಲು ಮುಟ್ಟಿ, ಎದ್ದು ಹೋದಳು. ಅವರು ಅಗಸಿ ದಾಟುವವರೆಗೆ ನೋಡುತ್ತ ನಿಂತೆ. ಕೋಣೆ ಕೊಟ್ಟಿದ್ದೆ, ಹಾಲು ಕೊಟ್ಟಿದ್ದೆ. ಮಗನದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ, ಅದನ್ನು ಕೊಡಲಿಲ್ಲ. ಆಮೇಲೆ ಹುಟ್ಟಿದ ನನ್ನ ಮಕ್ಕಳಿಗೂ ಆ ಹೆಸರು ಇಡಲಿಲ್ಲ.

ಕಾರಿನ ಗಾಜಿನಾಚೆ ಮೀಟರುಗಳು ತಿರುಗುತ್ತಿದ್ದವು. ಯಾರೋ ಸಣ್ಣ ಹೆಂಗಸು ಬಾಗಿಲಿಗೆ ಬಂದು, "ಯಾರು ಬೇಕಾಗಿತ್ತು?" ಎನ್ನುವಂತೆ ನಮ್ಮ ಕಡೆ ನೋಡಿದಳು. ನಾನು ಹಿತ್ತಿಲ ಸಂದಿಯ ಕಡೆ ತಿರುಗಿ ಆ ಹೆಸರನ್ನು ಒಮ್ಮೆ ಕರೆದೆ. ಅವನು ಹೋದ ಮೇಲೆ ಬಾಯಿ ಬಿಟ್ಟು ಕರೆದದ್ದು ಅದೇ ಮೊದಲು.

"ಏನಂದಿಬೇ?" ಎಂದು ಮಗ ಹಿಂತಿರುಗಿದ.

"ಮಳಿ ಒಳಗ ಬರಾಕತ್ತೈತಿ, ಗಾಜು ಏರಸು ಅಂದೆ," ಎಂದೆ.